ಮೂವತ್ತೆರಡು ಮನೆಗಳ ಸಾಲಿನಲ್ಲಿ ನಮ್ಮ ಹೆಸರು

ಕಾಮರ್ಸ್ ಓದುವವನಿಗೆ ಕಂಪ್ಯೂಟರ್ ಭಾಷೆಯ ಉಸಾಬರಿ ಯಾಕಪ್ಪಾ ಅಂತ ಸಂಘದ ಗೆಳೆಯರು ಕೇಳುವುದುಂಟು. ನನ್ನ ಉತ್ತರ ಇಷ್ಟೆ: ಕಂಪ್ಯೂಟರಿನವರು ಈಗ ಕೈ ಹಾಕಿರುವುದು ನಮ್ಮ ಪುಸ್ತಕಕ್ಕೇ, ಅಂದರೆ ಲೆಡ್ಜರಿಗೆ. ಬ್ಲಾಕ್‌ಚೈನ್ ಎಂದು ಎಲ್ಲರೂ ಹೇಳುತ್ತಿರುವುದು ಬೇರೇನೂ ಅಲ್ಲ. ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ರೀತಿ ಪ್ರತಿಯಾಗಿ ಇರುವ, ಒಮ್ಮೆ ಬರೆದ ಸಾಲನ್ನು ಗೀಟು ಹಾಕಿ ಅಳಿಸಲು ಬಾರದ ಖಾತೆ ಪುಸ್ತಕ ಅದು. ನಮ್ಮ ಮುನೀಮರ ಕಾಲದ ಕಿರ್ದಿಯಲ್ಲೂ ಅಳಿಸುವಂತಿರಲಿಲ್ಲ, ತಪ್ಪಾದರೆ ಇನ್ನೊಂದು ನಮೂದು ಹಾಕಿ ಸರಿಮಾಡಬೇಕಿತ್ತು. ಇಲ್ಲೂ ಹಾಗೆಯೇ.

ಇಂಥ ಪುಸ್ತಕಗಳಲ್ಲಿ ಎಥೀರಿಯಂ ಎನ್ನುವುದು 2015ರ ಜುಲೈ 30ರಂದು ಶುರುವಾಯಿತು. ಅದರ ವಿಶೇಷ ಏನೆಂದರೆ ಪುಸ್ತಕದೊಳಗೆ ಬರೀ ಜಮಾ-ಖರ್ಚು ಮಾತ್ರವಲ್ಲ, ಕರಾರು ಪತ್ರವನ್ನೂ ಬರೆದಿಡಬಹುದು. ಷರತ್ತು ಪೂರೈಸಿದರೆ ಆ ಕರಾರು ತನ್ನಷ್ಟಕ್ಕೆ ತಾನೇ ಜಾರಿಯಾಗುತ್ತದೆ. ಇದಕ್ಕೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂದು ಹೆಸರು. ಇಂಥ ಕರಾರು ಬರೆಯಲು ಹೆಚ್ಚಾಗಿ ಬಳಸುವ ಭಾಷೆ ಸಾಲಿಡಿಟಿ. 2014ರಲ್ಲಿ ಗ್ಯಾವಿನ್ ವುಡ್ ಎಂಬುವರು ಇದನ್ನು ಮೊದಲು ಸೂಚಿಸಿದರು, ಆಮೇಲೆ ಕ್ರಿಶ್ಚಿಯನ್ ರೈಟ್‌ವೀಸ್ನರ್ ಮತ್ತು ಅವರ ಜೊತೆಯವರು ಬೆಳೆಸಿದರು.

ಇಡೀ ಭಾಷೆಯನ್ನು ಇಲ್ಲಿ ಕಲಿಸಿಬಿಡುತ್ತೇನೆ ಎಂಬ ಜಂಬ ನನಗಿಲ್ಲ. ಅದರ ಒಂದು ಮೂಲೆಯನ್ನಷ್ಟೇ ತೋರಿಸುತ್ತೇನೆ: ಬೈಟುಗಳನ್ನು ಇಡುವುದು, ಕತ್ತರಿಸುವುದು, ಜೋಡಿಸುವುದು. ಬಹಳ ಜನ ಓದದೆ ದಾಟಿಹೋಗುವ ಮೂಲೆ ಇದು. ಆದರೆ ಕೋಟಿಗಟ್ಟಲೆ ದುಡ್ಡು ಹೋಗಿರುವುದು ಇಲ್ಲೇ, ಮತ್ತು ಕನ್ನಡದಲ್ಲಿ ಬರೆದ ನಮ್ಮ ಹೆಸರು ಅರ್ಧಕ್ಕೆ ತುಂಡಾಗುವುದೂ ಇಲ್ಲೇ. ಭಾಷೆಯ ಪದಗಳನ್ನು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ನಾನು ಇಲ್ಲಿ ಅವನ್ನು ಉಚ್ಚಾರ ಇದ್ದ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ.

ಮನೆ ಮತ್ತು ಸಾಲು

ಬೈಟ್ ಅಂದರೆ ಒಂದು ಸಣ್ಣ ಮನೆ. ಚೌಕಾಬಾರದ ಮನೆ ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. ಅದರಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಕೂರುತ್ತದೆ, ಅದಕ್ಕಿಂತ ದೊಡ್ಡದು ಕೂರುವುದಿಲ್ಲ. ಕಂಪ್ಯೂಟರಿಗೆ ಅಕ್ಷರ, ಹೆಸರು, ಫೋಟೋ, ಹಾಡು ಯಾವುದೂ ಗೊತ್ತಿಲ್ಲ. ಗೊತ್ತಿರುವುದು ಇಂಥ ಮನೆಗಳ ಸಾಲು ಮಾತ್ರ.

ಎಥೀರಿಯಂನ ಯಂತ್ರ 32 ಮನೆಗಳನ್ನು ಒಂದು ಸಾಲಾಗಿ ಹಿಡಿದು ಕೆಲಸ ಮಾಡುತ್ತದೆ. ಶಾಶ್ವತವಾಗಿ ಬರೆದಿಡುವ ಜಾಗವೂ 32 ಮನೆಗಳ ಒಂದೊಂದು ಸಾಲಾಗಿಯೇ ಇದೆ. ಲೆಡ್ಜರಿನಲ್ಲಿ ನೀವು ಚಿಕ್ಕ ಮೊತ್ತ ಬರೆದರೂ ಒಂದು ಗೆರೆ ಹಿಡಿಯುತ್ತದಲ್ಲ, ಹಾಗೆ. ಈ 32 ಎಂಬ ಅಂಕೆಯನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಅರ್ಧ ಅರ್ಥವಾದ ಹಾಗೆ.

ಸಾಲಿಡಿಟಿಯಲ್ಲಿ ಬೈಟುಗಳನ್ನು ಇಡಲು ಎರಡು ಬಗೆಯ ಪಾತ್ರೆಗಳಿವೆ. ಒಂದು, ಅಳತೆ ಖಾಯಂ ಆಗಿರುವುದು. ಬೈಟ್ಸ್1, ಬೈಟ್ಸ್2 ಎಂದು ಶುರುವಾಗಿ ಬೈಟ್ಸ್32ರವರೆಗೆ 32 ಅಳತೆಗಳಿವೆ. ಪಾವು, ಸೇರು ಇದ್ದ ಹಾಗೆ. ಬೈಟ್ಸ್4 ಎಂದರೆ ನಾಲ್ಕು ಮನೆ, ಅದು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಇನ್ನೊಂದು, ಅಂಕೆ ಇಲ್ಲದ ಬರೀ ಬೈಟ್ಸ್. ಇದು ಹಿಗ್ಗುವ ಚೀಲ. ಎಷ್ಟು ಮನೆ ಬೇಕಾದರೂ ಹಿಡಿಸುತ್ತದೆ, ತನ್ನಲ್ಲಿ ಎಷ್ಟಿದೆ ಎಂಬ ಲೆಕ್ಕವನ್ನೂ ಜೊತೆಗೆ ಇಟ್ಟುಕೊಂಡಿರುತ್ತದೆ. ಸ್ಟ್ರಿಂಗ್ ಎಂಬುದೂ ಒಳಗೆ ಇದೇ ಚೀಲ. ಆದರೆ ಅದನ್ನು ಓದುವ ಪಠ್ಯ ಎಂದು ತಿಳಿದು ಬಳಸಬೇಕು ಅಂತ ಒಪ್ಪಂದ.

ಬೈಟ್ಸ್1 ಎಂಬ ಒಂದೊಂದೇ ಮನೆಯ ಪಾತ್ರೆಗಳನ್ನು ಸಾಲಾಗಿ ಜೋಡಿಸಿಯೂ ಇದೇ ಕೆಲಸ ಮಾಡಬಹುದು ಅಂತ ಹೊಸಬರಿಗೆ ತೋರುತ್ತದೆ. ಮಾಡಬಹುದು, ಆದರೆ ಬೇಡ. ಕೆಲಸ ನಡೆಯುವ ತಾತ್ಕಾಲಿಕ ಜಾಗದಲ್ಲಿ ಆ ಒಂದೊಂದಕ್ಕೂ ಪೂರಾ 32 ಮನೆ ಹೋಗುತ್ತದೆ, 31 ಮನೆ ಖಾಲಿ ಬಿದ್ದಿರುತ್ತದೆ. ಬೈಟ್ಸ್ ಚೀಲದಲ್ಲಾದರೆ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ.

ಹೆಸರು ಎಡಕ್ಕೆ, ರಕಮು ಬಲಕ್ಕೆ

ಇಲ್ಲಿ ಕಾಮರ್ಸಿನವರಿಗೆ ಒಂದು ಅನುಕೂಲ ಇದೆ. ಲೆಡ್ಜರಿನಲ್ಲಿ ಹೆಸರು ಬರೆಯುವಾಗ ನಾವು ಎಡ ಅಂಚಿನಿಂದ ಶುರು ಮಾಡುತ್ತೇವೆ, ಬಲಗಡೆ ಜಾಗ ಉಳಿದರೆ ಉಳಿಯಿತು. ರಕಮು ಬರೆಯುವಾಗ ಬಿಡಿ ಸ್ಥಾನ ಬಲ ಅಂಚಿಗೆ ತಾಗಬೇಕು, ಎಡಗಡೆ ಖಾಲಿ ಉಳಿಯುತ್ತದೆ. ಸಾಲಿಡಿಟಿ ಮಾಡುವುದೂ ಅದನ್ನೇ. ಬೈಟ್ಸ್4ನಂಥದ್ದು 32 ಮನೆಗಳ ಸಾಲಿನಲ್ಲಿ ಎಡಕ್ಕೆ ಒರಗುತ್ತದೆ, ಬಲಗಡೆ ಸೊನ್ನೆ ತುಂಬುತ್ತದೆ. ಯುಇಂಟ್ ಎಂಬ ಸಂಖ್ಯೆಯ ಜಾತಿ ಬಲಕ್ಕೆ ಒರಗುತ್ತದೆ, ಎಡಗಡೆ ಸೊನ್ನೆ.

ಇದರಿಂದ ಆಗುವ ಪರಿಣಾಮ ನೋಡಿ. ಹದಿನಾರರ ಲೆಕ್ಕದಲ್ಲಿ ಒಂದು ಮನೆಗೆ ಎರಡೆರಡು ಅಂಕೆ ಬರೆಯುವ ರೂಢಿ. ನಾಲ್ಕು ಮನೆಗಳಲ್ಲಿ 12, 34, 56, 78 ಎಂದು ಇದೆ ಅನ್ನಿ. ಇದನ್ನು ಬೈಟ್ಸ್4 ಎಂದು ಇಟ್ಟುಕೊಂಡು ಬೈಟ್ಸ್2ಕ್ಕೆ ಇಳಿಸಿದರೆ ಬಲಗಡೆಯದು ಬಿದ್ದುಹೋಗಿ 12, 34 ಉಳಿಯುತ್ತದೆ. ಅದೇ ನಾಲ್ಕು ಮನೆಗಳನ್ನು ಯುಇಂಟ್32 ಎಂಬ ಸಂಖ್ಯೆಯಾಗಿ ಇಟ್ಟುಕೊಂಡು ಯುಇಂಟ್16ಕ್ಕೆ ಇಳಿಸಿದರೆ ಎಡಗಡೆಯದು ಬಿದ್ದು 56, 78 ಉಳಿಯುತ್ತದೆ. ವಸ್ತು ಒಂದೇ, ಕತ್ತರಿ ಒಂದೇ, ಕೈಗೆ ಬಂದ ತುಂಡು ಬೇರೆ. ದೊಡ್ಡದು ಮಾಡುವಾಗಲೂ ಹೀಗೇ: ಹೆಸರಿಗೆ ಬಲಗಡೆ ಸೊನ್ನೆ ಸೇರುತ್ತದೆ, ಸಂಖ್ಯೆಗೆ ಎಡಗಡೆ.

ಆದ್ದರಿಂದಲೇ ಈಗಿನ ಸಾಲಿಡಿಟಿ ಒಂದು ಕಟ್ಟುನಿಟ್ಟು ಇಟ್ಟಿದೆ. ಬೈಟ್ಸ್ ಜಾತಿಯಿಂದ ಯುಇಂಟ್ ಜಾತಿಗೆ ಹೋಗಬೇಕಾದರೆ ಎರಡರ ಅಳತೆಯೂ ಸರಿಸಮ ಇರಬೇಕು. ಬೈಟ್ಸ್4ರಿಂದ ಯುಇಂಟ್32ಕ್ಕೆ ಹೋಗಬಹುದು, ಏಕೆಂದರೆ 32 ಬಿಟ್ ಅಂದರೆ ನಾಲ್ಕೇ ಬೈಟು. ನೇರ ಯುಇಂಟ್16ಕ್ಕೆ ಹಾರಲು ಬಿಡುವುದಿಲ್ಲ. ಮೊದಲು ಅಳತೆ ಇಳಿಸುತ್ತೀಯಾ, ಮೊದಲು ಜಾತಿ ಬದಲಿಸುತ್ತೀಯಾ, ನೀನೇ ಹೇಳು ಅನ್ನುತ್ತದೆ. ಉತ್ತರ ಬೇರೆ ಬೇರೆ ಬರುತ್ತದಾದ್ದರಿಂದ ಈ ಪ್ರಶ್ನೆ ನ್ಯಾಯವಾದದ್ದೇ.

ಎಥೀರಿಯಂನಲ್ಲಿ ಒಬ್ಬರ ಖಾತೆಯ ವಿಳಾಸ 20 ಬೈಟಿನದು. 32 ಮನೆಗಳ ಸಾಲಿನಿಂದ ವಿಳಾಸ ತೆಗೆಯುವಾಗ ಎಡಗಡೆಯ 20 ತೆಗೆಯಬೇಕೋ ಬಲಗಡೆಯ 20 ತೆಗೆಯಬೇಕೋ ಎಂಬುದು ಮೇಲಿನ ನಿಯಮದಿಂದಲೇ ತೀರ್ಮಾನವಾಗುತ್ತದೆ. ಬೈಟ್ಸ್20ರ ಮೂಲಕ ಹೋದರೆ ಎಡಗಡೆಯದು, ಯುಇಂಟ್160ರ ಮೂಲಕ ಹೋದರೆ ಬಲಗಡೆಯದು. ಯಂತ್ರ ವಿಳಾಸವನ್ನು ಇಡುವುದು ಬಲಗಡೆಗೆ. ದಾರಿ ತಪ್ಪಿದರೆ ದುಡ್ಡು ಯಾರದೂ ಅಲ್ಲದ ಖಾತೆಗೆ ಹೋಗಿ ಕೂರುತ್ತದೆ, ಆ ಖಾತೆಯ ಬೀಗದ ಕೈ ಲೋಕದಲ್ಲಿ ಯಾರ ಹತ್ತಿರವೂ ಇರುವುದಿಲ್ಲ.

ಕನ್ನಡ ಎಂದರೆ ಎಷ್ಟು ಮನೆ?

ಇನ್ನು ನಮ್ಮ ಮನೆಯ ವಿಚಾರಕ್ಕೆ ಬರೋಣ. ಇಂಗ್ಲಿಷಿನ ಒಂದು ಅಕ್ಷರ ಒಂದು ಮನೆಯಲ್ಲಿ ಕೂರುತ್ತದೆ. ಕನ್ನಡದ್ದು ಕೂರುವುದಿಲ್ಲ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಅಂಕೆಗಳು ಸಿಕ್ಕಿವೆ. 'ಕ' ಅಕ್ಷರದ ನಂಬರು 3221. ಪಠ್ಯವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ 2048 ದಾಟಿದ ನಂಬರಿಗೆ ಮೂರು ಮನೆ ಬೇಕು. ಹಾಗಾಗಿ 'ಕ' ಎಂದರೆ 224, 178, 149 ಎಂಬ ಮೂರು ಬೈಟು.

ಇಷ್ಟೇ ಅಲ್ಲ. ನಾವು ಶಾಲೆಯಲ್ಲಿ ಕಲಿತ ಅಕ್ಷರ ಬೇರೆ, ಕಂಪ್ಯೂಟರ್ ಎಣಿಸುವ ಅಕ್ಷರ ಬೇರೆ. 'ಕನ್ನಡ' ಎಂದು ಬರೆದರೆ ನಮ್ಮ ಕಣ್ಣಿಗೆ ಮೂರು ಅಕ್ಷರ: ಕ, ನ್ನ, ಡ. ಕಂಪ್ಯೂಟರಿಗೆ ಅದು ಐದು ತುಂಡು: ಕ, ನ, ವಿರಾಮದ ಚಿಹ್ನೆ, ಇನ್ನೊಂದು ನ, ಡ. ಐದು ಮೂರ್ಲೆ ಹದಿನೈದು ಬೈಟು. ಗುಣಿತದ ಕೊಂಬು, ಇಳಿ, ಗುಡಿಸು, ಸೊನ್ನೆ ಎಲ್ಲಕ್ಕೂ ತಲಾ ಮೂರು ಮನೆ ಕೊಡಬೇಕು.

ಈಗ 'ವಿಶ್ವನಾಥ ಶೆಟ್ಟಿ' ಎಂಬ ಹೆಸರನ್ನು ತೆಗೆದುಕೊಳ್ಳಿ. ಮುಂಬಯಿಯಲ್ಲಿ ಯಾವ ಗಲ್ಲಿಯಲ್ಲಿ ಕೂಗಿದರೂ ಒಬ್ಬರು ತಿರುಗಿ ನೋಡುವ ಹೆಸರು. ಮೊದಲ ಪದದಲ್ಲಿ 8 ತುಂಡು, ಎರಡನೆಯದರಲ್ಲಿ 6. ಒಟ್ಟು 14 ತುಂಡಿಗೆ 42 ಬೈಟು, ನಡುವಿನ ಖಾಲಿ ಜಾಗಕ್ಕೆ ಒಂದು. ಎಲ್ಲ ಸೇರಿ 43. ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 17 ಬೈಟಿನಲ್ಲಿ ಮುಗಿಯುತ್ತದೆ.

ಕರಾರು ಬರೆದವರು ಇಂಗ್ಲಿಷ್ ಹೆಸರನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಹೆಸರಿಗೆ ಬೈಟ್ಸ್32 ಸಾಕು ಅಂತ ನಿರ್ಧರಿಸಿದರೆ ಏನಾಗುತ್ತದೆ? ಹೆಸರನ್ನು ಕರಾರಿನೊಳಗೇ ನೇರವಾಗಿ ಬರೆದಿದ್ದರೆ ಕಂಪೈಲರ್ ತಡೆಯುತ್ತದೆ, ಇಷ್ಟುದ್ದದ್ದು ಹಿಡಿಸುವುದಿಲ್ಲ ಎನ್ನುತ್ತದೆ. ಆದರೆ ಹೆಸರು ಆಮೇಲೆ ಹೊರಗಿನಿಂದ ಬೈಟ್ಸ್ ಚೀಲದಲ್ಲಿ ಬಂದು, ಅದನ್ನು ಬೈಟ್ಸ್32ಕ್ಕೆ ಇಳಿಸಿದರೆ, ಸದ್ದಿಲ್ಲದೆ ಬಾಲ ಕತ್ತರಿಸಿ ಬೀಳುತ್ತದೆ. ಮೊದಲ ಪದ ಮತ್ತು ಖಾಲಿ ಜಾಗಕ್ಕೆ 25 ಮನೆ ಹೋಯಿತು. ಉಳಿದ 7ರಲ್ಲಿ 'ಶೆ' ಎಂಬುದಕ್ಕೆ 6. ಕೊನೆಯ ಒಂದು ಮನೆಯಲ್ಲಿ 'ಟ'ದ ಮೂರನೇ ಒಂದು ಭಾಗ. ಓದಲು ಹೋದರೆ 'ವಿಶ್ವನಾಥ ಶೆ' ಎಂದು ಬಂದು ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯೋ ಡಬ್ಬಿಯೋ ಕಾಣುತ್ತದೆ. ಪುಸ್ತಕದಲ್ಲಿ ಅಳಿಸುವಂತಿಲ್ಲ ಅಂತ ಮೊದಲೇ ಹೇಳಿದೆನಲ್ಲ.

ನಮಗೊಬ್ಬರಿಗೇ ಈ ಕಷ್ಟ ಅಂತಲ್ಲ. ಮರಾಠಿ ಗೆಳೆಯರ ದೇವನಾಗರಿಗೂ, ತಮಿಳು ತೆಲುಗಿಗೂ ಒಂದು ತುಂಡಿಗೆ ಮೂರೇ ಬೈಟು. ಬೈಟ್ಸ್32ರಲ್ಲಿ ಭಾರತದ ಈ ಯಾವ ಲಿಪಿಯದಾದರೂ ಹತ್ತು ತುಂಡು ಹಿಡಿಸುತ್ತದೆ, ಅಷ್ಟೆ. ಆದ್ದರಿಂದ ಹೆಸರಿಗೆ ಸ್ಟ್ರಿಂಗ್ ಇಡುವುದೇ ಸರಿ.

ಸ್ಟ್ರಿಂಗಿನಲ್ಲೂ ಗೊತ್ತಿರಬೇಕಾದ ಎರಡು ಮಾತಿವೆ. ಸಾಲಿಡಿಟಿ ಸ್ಟ್ರಿಂಗಿನ ಉದ್ದ ಕೇಳಿದರೆ ಹೇಳುವುದಿಲ್ಲ, ಮೂರನೇ ಅಕ್ಷರ ಕೊಡು ಎಂದರೂ ಕೊಡುವುದಿಲ್ಲ. ಅದನ್ನು ಬೈಟ್ಸ್ ಆಗಿ ಬದಲಿಸಿ ಕೇಳಬೇಕು, ಆಗ ಅದು ಎಣಿಸುವುದು ಬೈಟನ್ನು. 'ಕನ್ನಡ'ದ ಉದ್ದ 15 ಎನ್ನುತ್ತದೆ, ಮೊದಲನೆಯದು ಕೊಡು ಎಂದರೆ 'ಕ' ಬರುವುದಿಲ್ಲ, 224 ಬರುತ್ತದೆ. ಇನ್ನೊಂದು, 2020ರಲ್ಲಿ ಬಂದ 0.7.0 ಆವೃತ್ತಿಯಿಂದ ಈಚೆಗೆ ಕರಾರಿನೊಳಗೆ ಕನ್ನಡ ಪದ ಬರೆಯಬೇಕಾದರೆ ಉದ್ಧರಣ ಚಿಹ್ನೆಗೆ ಮುಂಚೆ ಯೂನಿಕೋಡ್ ಎಂಬ ಪದ ಹಚ್ಚಬೇಕು. ಹಚ್ಚದಿದ್ದರೆ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರವನ್ನು ಕಂಪೈಲರ್ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಬೈಟಿನ ಬಾಡಿಗೆ

ಎಥೀರಿಯಂನಲ್ಲಿ ಮಾಡುವ ಪ್ರತಿ ಕೆಲಸಕ್ಕೂ ಶುಲ್ಕ ಇದೆ. ಅದನ್ನು ಅಳೆಯುವ ಮಾನಕ್ಕೆ ಗ್ಯಾಸ್ ಎಂದು ಹೆಸರು. ಒಬ್ಬರಿಂದ ಒಬ್ಬರಿಗೆ ಬರೀ ಹಣ ಕಳಿಸುವುದಕ್ಕೆ 21,000 ಗ್ಯಾಸ್. ಖಾಲಿ ಇದ್ದ ಒಂದು ಸಾಲಿನಲ್ಲಿ ಹೊಸದಾಗಿ ಬರೆಯುವುದಕ್ಕೆ 20,000, ಆ ಸಾಲನ್ನು ಆ ವ್ಯವಹಾರದಲ್ಲಿ ಮೊದಲ ಸಲ ಮುಟ್ಟುವುದಕ್ಕೆ ಮತ್ತೆ 2,100. ಅಂದರೆ 32 ಬೈಟು ಬರೆದಿಡಲು 22,100. ಒಂದು ಕಿಲೋಬೈಟ್ ಅಂದರೆ 1,024 ಬೈಟು, 32 ಸಾಲು, ಲೆಕ್ಕ ಹಾಕಿದರೆ 7,07,200 ಗ್ಯಾಸ್. ಎರಡು ಪುಟದ ಒಂದು ಕನ್ನಡ ಪತ್ರವನ್ನು ಇಲ್ಲಿ ಬರೆದಿಡುವುದೆಂದರೆ ಕೋಟೆ ಪ್ರದೇಶದಲ್ಲಿ ಗೋಡೌನ್ ಬಾಡಿಗೆಗೆ ಹಿಡಿದ ಹಾಗೆ.

ಚಿಕ್ಕ ಪದಕ್ಕೆ ಸಾಲಿಡಿಟಿ ಒಂದು ಉಪಾಯ ಮಾಡಿದೆ. 31 ಬೈಟಿನವರೆಗಿನ ಸ್ಟ್ರಿಂಗ್ ಅಥವಾ ಬೈಟ್ಸ್ ಆದರೆ ಒಂದೇ ಸಾಲಿನಲ್ಲಿ ಎಡಗಡೆ ಪದವನ್ನು ಇಟ್ಟು, ಕೊನೆಯ ಮನೆಯಲ್ಲಿ ಉದ್ದದ ಎರಡರಷ್ಟನ್ನು ಬರೆಯುತ್ತದೆ. 'ಕನ್ನಡ'ಕ್ಕೆ ಕೊನೆಯ ಮನೆಯಲ್ಲಿ 30 ಇರುತ್ತದೆ. 32 ಅಥವಾ ಹೆಚ್ಚಾದರೆ ಆ ಸಾಲಿನಲ್ಲಿ ಉದ್ದದ ಎರಡರಷ್ಟಕ್ಕೆ ಒಂದು ಕೂಡಿಸಿ ಬರೆದು, ಪದವನ್ನು ಬೇರೆ ಸಾಲುಗಳಿಗೆ ಕಳಿಸುತ್ತದೆ. ನಮ್ಮ ಶೆಟ್ಟರ ಹೆಸರಿಗೆ ಅಲ್ಲಿ 87, ಹೆಸರಿಗೆ ಬೇರೆ ಎರಡು ಸಾಲು. ಅಂಕೆ ಸರಿಯೋ ಬೆಸವೋ ನೋಡಿದರೆ ಸಾಕು, ಪದ ಇಲ್ಲೇ ಇದೆಯೋ ಬೇರೆ ಕಡೆ ಇದೆಯೋ ಯಂತ್ರಕ್ಕೆ ತಿಳಿಯುತ್ತದೆ. ಬುದ್ಧಿವಂತರ ಕೆಲಸ!

ಬರೆದಿಡದೆ ಬರೀ ಕಳಿಸುವುದಕ್ಕೂ ದರ ಇದೆ. ಮಾಮೂಲಿ ದರದಲ್ಲಿ ಸೊನ್ನೆ ಬೈಟಿಗೆ 4 ಗ್ಯಾಸ್, ಸೊನ್ನೆಯಲ್ಲದ್ದಕ್ಕೆ 16. 2025ರ ಮೇ ತಿಂಗಳ ಬದಲಾವಣೆಯ ಮೇಲೆ, ಲೆಕ್ಕಕ್ಕಿಂತ ಸಾಮಾನನ್ನೇ ಹೆಚ್ಚು ಹೊತ್ತು ತರುವ ವ್ಯವಹಾರಕ್ಕೆ ಕನಿಷ್ಠ ದರ ಇನ್ನೂ ಜಾಸ್ತಿ. 'ಕನ್ನಡ' ಎಂಬ ಪದದ 32 ಮನೆಗಳ ಸಾಲಿಗೆ 15 ಹದಿನಾರ್ಲೆ 240, ಉಳಿದ 17 ಸೊನ್ನೆಗೆ 68, ಒಟ್ಟು 308. ಅದನ್ನೇ ಇಂಗ್ಲಿಷ್ ಲಿಪಿಯ ಏಳು ಅಕ್ಷರದಲ್ಲಿ ಬರೆದರೆ 212. ತಾಯ್ನುಡಿಗೆ 96 ಗ್ಯಾಸ್ ಹೆಚ್ಚು. ನನ್ನ ಮಟ್ಟಿಗೆ ಅದು ದುಬಾರಿ ಏನಲ್ಲ.

ನಾಲ್ಕು ಬೈಟಿನ ಬಾಗಿಲು

ಒಂದು ಕರಾರಿನಲ್ಲಿ ಹಲವು ಕಲಮುಗಳಿರುತ್ತವೆ: ಹಣ ಕಳಿಸು, ಬಾಕಿ ತೋರಿಸು, ಹೀಗೆ. ಯಾವ ಕಲಮನ್ನು ಕರೆಯುತ್ತಿದ್ದೇವೆ ಎಂದು ಯಂತ್ರಕ್ಕೆ ತಿಳಿಯುವುದು ಕಳಿಸಿದ ಸಾಮಾನಿನ ಮೊದಲ ನಾಲ್ಕು ಬೈಟಿನಿಂದ. ಕಲಮಿನ ಹೆಸರು ಮತ್ತು ಅದಕ್ಕೆ ಕೊಡಬೇಕಾದ ವಸ್ತುಗಳ ಜಾತಿ ಸೇರಿಸಿ ಕೆಚಾಕ್256 ಎಂಬ ಅರೆಯುವ ಯಂತ್ರಕ್ಕೆ ಹಾಕಿದರೆ 32 ಬೈಟು ಹೊರಬರುತ್ತದೆ. ಅದರ ಮೊದಲ ನಾಲ್ಕೇ ಆ ಕಲಮಿನ ನಂಬರು. ಟೋಕನ್ ಕಳಿಸುವ ಟ್ರಾನ್ಸ್‌ಫರ್ ಕಲಮಿನದು 169, 5, 156, 187. ಅದರ ಹಿಂದೆ ಪಡೆಯುವವರ ವಿಳಾಸಕ್ಕೆ 32 ಮನೆ, ಮೊತ್ತಕ್ಕೆ 32 ಮನೆ. ಒಟ್ಟು 68 ಬೈಟು.

ಈ 68ರಲ್ಲಿ ಒಂದು ಬೈಟು ಕಡಿಮೆಯಾದರೆ? 2017ರ ಏಪ್ರಿಲಿನಲ್ಲಿ ಗೋಲೆಮ್ ಎಂಬ ಯೋಜನೆಯವರು ಇದನ್ನು ಬಯಲಿಗೆ ತಂದರು. ವಿಳಾಸದ ಕೊನೆಯ ಬೈಟು ಸೊನ್ನೆ ಇರುವ ಖಾತೆಯನ್ನು ಒಬ್ಬ ಹುಡುಕಿ ಇಟ್ಟುಕೊಳ್ಳುತ್ತಾನೆ. ಹಣ ತೆಗೆಯುವಾಗ ಆ ಕೊನೆಯ ಸೊನ್ನೆಯನ್ನು ಬಿಟ್ಟು 19 ಬೈಟಿನ ವಿಳಾಸ ಕೊಡುತ್ತಾನೆ. ಮಧ್ಯವರ್ತಿ ಸಂಸ್ಥೆ ಉದ್ದ ಪರೀಕ್ಷೆ ಮಾಡದಿದ್ದರೆ ಮೊತ್ತದ ಮನೆಗಳೆಲ್ಲ ಒಂದೊಂದು ಮನೆ ಎಡಕ್ಕೆ ಸರಿಯುತ್ತವೆ. ಮೊತ್ತದ ಮುಂದಿದ್ದ ಸೊನ್ನೆಯೊಂದು ವಿಳಾಸದ ಬಾಲಕ್ಕೆ ಅಂಟಿಕೊಂಡು ವಿಳಾಸ ಸರಿಯಾಗಿಬಿಡುತ್ತದೆ. ಬಲ ತುದಿಯಲ್ಲಿ ಖಾಲಿಯಾದ ಮನೆಗೆ ಯಂತ್ರ ತಾನೇ ಸೊನ್ನೆ ತುಂಬುತ್ತದೆ. ಬಲಗಡೆ ಒಂದು ಬೈಟು ಸೇರಿತು ಎಂದರೆ ಮೊತ್ತ 256 ಪಟ್ಟು. 100 ಕೇಳಿದವನಿಗೆ 25,600. ಚೆಕ್ಕಿನಲ್ಲಿ ಮೊತ್ತದ ಮುಂದೆ ಅಡ್ಡ ಗೆರೆ ಎಳೆದು 'ಮಾತ್ರ' ಅಂತ ಯಾಕೆ ಬರೆಯುತ್ತೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. 2018ರ ನವೆಂಬರಿನ 0.5.0 ಆವೃತ್ತಿಯಿಂದ ಸಾಲಿಡಿಟಿಯೇ ಸಾಮಾನು ಕಡಿಮೆ ಬಂದರೆ ಸೊನ್ನೆ ತುಂಬದೆ ವ್ಯವಹಾರವನ್ನೇ ರದ್ದು ಮಾಡುತ್ತದೆ.

ಇನ್ನೊಂದು ಘಟನೆ 2021ರ ಆಗಸ್ಟಿನದು. ಪಾಲಿ ನೆಟ್‌ವರ್ಕ್ ಎಂಬುದು ಒಂದು ಸರಪಳಿಯಿಂದ ಇನ್ನೊಂದಕ್ಕೆ ಹಣ ದಾಟಿಸುವ ಸೇತುವೆ. ಅದರಲ್ಲಿ ಕಾವಲುಗಾರರ ಬೀಗದ ಕೈ ಬದಲಿಸುವ ಕಲಮು ಒಂದಿತ್ತು. ಆ ಕಲಮನ್ನು ಸೇತುವೆಯ ಯಜಮಾನ ಕರಾರು ಮಾತ್ರ ಕರೆಯಬಹುದಿತ್ತು. ಆದರೆ ಯಜಮಾನ ಕರಾರು ಯಾವ ಕಲಮನ್ನು ಕರೆಯಬೇಕು ಎಂಬ ಹೆಸರನ್ನು ಹೊರಗಿನವರಿಂದಲೇ ತೆಗೆದುಕೊಂಡು ನಾಲ್ಕು ಬೈಟು ಲೆಕ್ಕ ಹಾಕುತ್ತಿತ್ತು. ನಾಲ್ಕು ಬೈಟಿನಲ್ಲಿ ಆಗುವ ನಂಬರುಗಳು ಸುಮಾರು 429 ಕೋಟಿ. ಕೇಳಲು ದೊಡ್ಡದು, ಕಂಪ್ಯೂಟರಿಗೆ ಅದು ದೊಡ್ಡದೇನಲ್ಲ. ದಾಳಿಕೋರ ಒಂದಾದ ಮೇಲೊಂದು ಹೆಸರು ಅರೆದು ನೋಡಿ, ಬೀಗದ ಕೈ ಬದಲಿಸುವ ಕಲಮಿನ ನಾಲ್ಕು ಬೈಟನ್ನೇ ಕೊಡುವ ಅರ್ಥವಿಲ್ಲದ ಹೆಸರೊಂದನ್ನು ಹಿಡಿದ. ಕೈ ಬದಲಾಯಿತು, ಸುಮಾರು 61 ಕೋಟಿ ಡಾಲರ್ ಹೊರಟುಹೋಯಿತು. ಮುಂದಿನ ವಾರಗಳಲ್ಲಿ ಅದರ ಹೆಚ್ಚಿನ ಪಾಲನ್ನು ಆತ ಹಿಂದಿರುಗಿಸಿದ, ಆ ಮಾತು ಬೇರೆ.

ಜೋಡಿಸುವಾಗ ಎಚ್ಚರ

ಎರಡು ವಸ್ತುಗಳನ್ನು ಒಂದು ಬೈಟ್ ಸಾಲಾಗಿ ಮಾಡಲು ಎರಡು ದಾರಿಗಳಿವೆ. ಎಬಿಐ ಎನ್‌ಕೋಡ್ ಎಂಬುದು ಒಂದೊಂದನ್ನೂ 32ರ ಅಳತೆಗೆ ತುಂಬಿ, ಸ್ಟ್ರಿಂಗ್ ಆದರೆ ಅದು ಎಲ್ಲಿ ಶುರು, ಎಷ್ಟು ಉದ್ದ ಎಂಬುದನ್ನೂ ಬರೆಯುತ್ತದೆ. 'ಕನ್ನಡ' ಒಂದನ್ನೇ ಹೀಗೆ ಕಟ್ಟಿದರೆ 96 ಬೈಟು: ಮೊದಲ ಸಾಲಿನಲ್ಲಿ ಸಾಮಾನು 32ರ ಆಚೆ ಇದೆ ಎಂದು, ಎರಡನೆಯದರಲ್ಲಿ ಉದ್ದ 15 ಎಂದು, ಮೂರನೆಯದರಲ್ಲಿ ಪದ. ಎನ್‌ಕೋಡ್‌ಪ್ಯಾಕ್ಡ್ ಎಂಬುದು ಇದೆಲ್ಲ ಗೊಡವೆ ಇಲ್ಲದೆ ಒಂದಕ್ಕೊಂದು ಅಂಟಿಸುತ್ತದೆ. 'ಕನ್ನಡ' ಬರೀ 15 ಬೈಟು. ಉಳಿತಾಯ ನೋಡಿ ಮನಸ್ಸು ಅತ್ತ ಎಳೆಯುವುದು ಸಹಜ.

ಆದರೆ ಒಬ್ಬರ ಹೆಸರು 'ರಾಮ', ಅಡ್ಡಹೆಸರು 'ಚಂದ್ರರಾವ್' ಅನ್ನಿ. ಇನ್ನೊಬ್ಬರ ಹೆಸರು 'ರಾಮಚಂದ್ರ', ಅಡ್ಡಹೆಸರು 'ರಾವ್'. ಅಂಟಿಸಿದರೆ ಎರಡೂ 'ರಾಮಚಂದ್ರರಾವ್'. ಇದನ್ನು ಅರೆದು ಬಂದ 32 ಬೈಟನ್ನೇ ಗುರುತಿನ ಚೀಟಿ ಅಂತ ಇಟ್ಟುಕೊಂಡಿದ್ದರೆ ಒಬ್ಬರ ಪಾಲು ಇನ್ನೊಬ್ಬರು ತೆಗೆದುಕೊಂಡು ಹೋಗಬಹುದು. ಸಂಧಿ ಬಿಡಿಸುವುದು ವ್ಯಾಕರಣದ ಮೇಷ್ಟ್ರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಉದ್ದ ಖಾಯಂ ಇಲ್ಲದ ವಸ್ತುಗಳು ಎರಡು ಅಥವಾ ಹೆಚ್ಚು ಇದ್ದಾಗ ಎಬಿಐ ಎನ್‌ಕೋಡನ್ನೇ ಬಳಸುವುದು ಕ್ಷೇಮ.

ಕಟ್ಟಿದವರೂ ಬಿಚ್ಚುವವರೂ ಒಂದೇ ರೂಢಿ ಹಿಡಿಯಬೇಕು ಎಂಬುದಕ್ಕೆ ಮೇಕರ್ ಯೋಜನೆಯ ಎಂಕೆಆರ್ ಟೋಕನ್ ಉದಾಹರಣೆ. 2017ರ ಆ ಟೋಕನ್ ತನ್ನ ಹೆಸರನ್ನು ಬೈಟ್ಸ್32ರಲ್ಲಿ ಕೊಡುತ್ತದೆ. ಉಳಿದ ಟೋಕನ್‌ಗಳ ರೂಢಿ ಸ್ಟ್ರಿಂಗ್. ಸ್ಟ್ರಿಂಗ್ ಬರುತ್ತದೆ ಎಂದು ಕಾಯುವ ತಂತ್ರಾಂಶ ಮೊದಲ ಸಾಲನ್ನು 'ಸಾಮಾನು ಇಂತಿಷ್ಟು ದೂರದಲ್ಲಿದೆ' ಎಂದು ಓದಿಕೊಳ್ಳುತ್ತದೆ. ಅಲ್ಲಿರುವುದು ಹೆಸರಿನ ಅಕ್ಷರ, ಎಡಕ್ಕೆ ಒರಗಿ ಕೂತದ್ದರಿಂದ ಸಂಖ್ಯೆಯಾಗಿ ಓದಿದರೆ ಊಹಿಸಲಾಗದಷ್ಟು ದೊಡ್ಡದು. ಆದ್ದರಿಂದ ಅದನ್ನು ಓದಬೇಕಾದ ತಂತ್ರಾಂಶಗಳು ಈ ಟೋಕನ್ನಿಗೆ ಪ್ರತ್ಯೇಕ ಏರ್ಪಾಡು ಮಾಡಿಕೊಳ್ಳಬೇಕಾಯಿತು.

ಪ್ರಮಾಣಪತ್ರ ಮತ್ತು ಕಣ್ಣಿಗೆ ಕಾಣದ ಅಕ್ಷರ

ಬಾಡಿಗೆ ಇಷ್ಟು ದುಬಾರಿ ಆದರೆ ದೊಡ್ಡ ಕಾಗದಗಳನ್ನು ಇಡುವುದು ಹೇಗೆ? ಇಡುವುದಿಲ್ಲ. ಕಾಗದವನ್ನು ಕೆಚಾಕ್256ರಲ್ಲಿ ಅರೆದು ಬಂದ 32 ಬೈಟನ್ನು ಮಾತ್ರ ಇಡುತ್ತಾರೆ. ಕಾಗದ ಒಂದು ಸಾಲಿನದಿರಲಿ, ಸಾವಿರ ಪುಟದ್ದಿರಲಿ, ಹೊರಬರುವುದು 32 ಬೈಟೇ. ಒಂದು ಬೈಟು ಬದಲಿಸಿದರೂ ಆ ಸಾಲು ಗುರುತೇ ಸಿಗದ ಹಾಗೆ ಬದಲಾಗುತ್ತದೆ. ಸಾಲಿಡಿಟಿಯಲ್ಲಿ ಎರಡು ಸ್ಟ್ರಿಂಗ್ ಒಂದೇನಾ ಎಂದು ಕೇಳಲು ಸಮ ಚಿಹ್ನೆ ನಡೆಯುವುದಿಲ್ಲವಾದ್ದರಿಂದ ಎರಡನ್ನೂ ಅರೆದು ಈ ಸಾಲುಗಳನ್ನು ಹೋಲಿಸುವುದೇ ವಾಡಿಕೆ. ಎಥೀರಿಯಂ ಬಳಸುವ ಕೆಚಾಕ್‌ಗೂ 2015ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಹೊರಡಿಸಿದ ಎಸ್‌ಎಚ್‌ಎ-3ಕ್ಕೂ ಸ್ವಲ್ಪ ವ್ಯತ್ಯಾಸ ಇದೆ. ಒಂದರಲ್ಲಿ ಅರೆದು ಇನ್ನೊಂದರಲ್ಲಿ ತಾಳೆ ನೋಡಿದರೆ ಸೇರುವುದಿಲ್ಲ.

ಇದು ನಮಗೆ ದೂರದ ಮಾತಲ್ಲ. 2022ರಲ್ಲಿ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಏಟಾಪಲ್ಲಿಯಲ್ಲಿ ಸುಮಾರು 65,000 ಜಾತಿ ಪ್ರಮಾಣಪತ್ರಗಳನ್ನು ಪಾಲಿಗಾನ್ ಎಂಬ ಸರಪಳಿಗೆ ಜೋಡಿಸುವ ಯೋಜನೆ ಪ್ರಕಟವಾಯಿತು. ಪಾಲಿಗಾನ್ ನಡೆಸುವುದೂ ಎಥೀರಿಯಂ ಮಾದರಿಯ ಕರಾರುಗಳನ್ನೇ. ನಾಳೆ ನಮ್ಮ ಮಾರ್ಕ್ಸ್ ಕಾರ್ಡು, ವಾಸದ ದಾಖಲೆ ಹೀಗೆ ಬಂದರೆ ಅದರಲ್ಲಿ ಕನ್ನಡ ಹೆಸರು ಇರಬೇಕೆಂದು ನಾವು ಕೇಳುವವರೇ. ಆಗ ಎದುರಾಗುವ ಒಂದು ಸೂಕ್ಷ್ಮ ಇದೆ.

'ಕೇಶವ' ಎಂಬಲ್ಲಿಯ 'ಕೇ' ಅಕ್ಷರದ ಏತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಎಂಬ ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬೈಟುಗಳು ಬೇರೆ, ಆದ್ದರಿಂದ ಅರೆದಾಗ ಬರುವ ಸಾಲು ಬೇರೆ. ಹಾಗೆಯೇ ನಾವು 'ರಾವ್' ಆದ ಮೇಲೆ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯದಿರಲಿ ಎಂದು ನಡುವೆ ಒಂದು ಕಾಣದ ಚಿಹ್ನೆ ಒತ್ತುತ್ತೇವಲ್ಲ, ಅದೂ ಮೂರು ಬೈಟು: 226, 128, 140. ದಾಖಲೆ ಮಾಡಿದ ಗುಮಾಸ್ತರು ಅದನ್ನು ಒತ್ತಿದ್ದು, ತಾಳೆ ನೋಡುವ ಗುಮಾಸ್ತರು ಒತ್ತದಿದ್ದರೆ ಯಂತ್ರ 'ಈ ಪತ್ರ ಸುಳ್ಳು' ಎನ್ನುತ್ತದೆ. ಪತ್ರ ಹಿಡಿದು ನಿಂತ ಹುಡುಗಿಗೆ ತನ್ನ ಹೆಸರಿನಲ್ಲಿ ಏನು ದೋಷವಿದೆ ಎಂದು ಕಣ್ಣಿಗೆ ಕಾಣುವುದೂ ಇಲ್ಲ, ಕೌಂಟರಿನ ಆಚೆ ಕೂತವರಿಗೆ ಹೇಳಿ ಒಪ್ಪಿಸಲೂ ಆಗುವುದಿಲ್ಲ. ಇದಕ್ಕೆ ಮದ್ದು ಕರಾರಿನ ಹೊರಗೇ ಇದೆ. ಅರೆಯುವುದಕ್ಕೆ ಮುಂಚೆ ಪಠ್ಯವನ್ನು ಯೂನಿಕೋಡಿನ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರಬೇಕು. ಕಾಣದ ಚಿಹ್ನೆ ಅದರಿಂದಲೂ ಹೋಗುವುದಿಲ್ಲವಾದ್ದರಿಂದ ಅದನ್ನು ಇಡಬೇಕೋ ತೆಗೆಯಬೇಕೋ ಎಂದು ಮೊದಲೇ ನಿಯಮ ಮಾಡಿ ಎರಡೂ ಕಡೆ ಪಾಲಿಸಬೇಕು. ಇಂಗ್ಲಿಷಿನಲ್ಲೇ ಪರೀಕ್ಷೆ ಮಾಡಿ ಸರಿ ಇದೆ ಎಂದು ಸಹಿ ಹಾಕುವವರಿಗೆ ಈ ತೊಂದರೆ ಕಾಣಿಸಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಕನ್ನಡ ಬಲ್ಲವರೇ ಹೇಳಬೇಕು.

ಇನ್ನೊಂದು ಮಾತು. ಅರೆದಿಟ್ಟರೆ ಗುಟ್ಟು ಉಳಿಯಿತು ಅಂತ ತಿಳಿಯಬಾರದು. ಒಬ್ಬರ ಮಾರ್ಕ್ಸನ್ನು ಹಾಗೇ ಅರೆದು ಹಾಕಿದರೆ, 0ಯಿಂದ 100ರವರೆಗೆ 101 ಅಂಕೆಗಳನ್ನು ಯಾರು ಬೇಕಾದರೂ ಅರೆದು ನೋಡಿ ಯಾವುದು ಸೇರುತ್ತದೆ ಎಂದು ಒಂದು ಕ್ಷಣದಲ್ಲಿ ಹೇಳಬಹುದು. ಜೊತೆಗೆ ಊಹಿಸಲಾಗದ 32 ಬೈಟಿನ ಕಲಬೆರಕೆ ಸೇರಿಸಿ ಅರೆಯಬೇಕು, ಅದನ್ನು ಹೊರಗೆ ಗುಟ್ಟಾಗಿ ಇಟ್ಟುಕೊಳ್ಳಬೇಕು. ಸಾಲಿಡಿಟಿಯಲ್ಲಿ ಪ್ರೈವೇಟ್ ಎಂಬ ಪದ ಹಚ್ಚಿದರೆ ಬೇರೆ ಕರಾರುಗಳು ಓದಲಾರವು, ಅಷ್ಟೆ. ಪುಸ್ತಕದ ಪ್ರತಿ ಸಾವಿರಾರು ಕಡೆ ಇದೆ, ಮನುಷ್ಯರು ತೆರೆದು ಓದುತ್ತಾರೆ.

ಸಂಘದ ಗೆಳೆಯರಿಗೆ ಒಂದು ಸಣ್ಣ ಕೆಲಸ ಕೊಟ್ಟು ಮುಗಿಸುತ್ತೇನೆ. ಕಾಗದ ತೆಗೆದುಕೊಂಡು ನಿಮ್ಮ ಪೂರ್ತಿ ಹೆಸರನ್ನು ಬಿಡಿಸಿ ಬರೆಯಿರಿ. ವ್ಯಂಜನ, ಸ್ವರಚಿಹ್ನೆ, ವಿರಾಮ, ಅನುಸ್ವಾರ ಒಂದೊಂದಕ್ಕೂ ಮೂರು, ಖಾಲಿ ಜಾಗಕ್ಕೆ ಒಂದು. ಕೂಡಿಸಿ. 32ರೊಳಗೆ ಬಂದರೆ ಅದೃಷ್ಟವಂತರು. ದಾಟಿದರೆ ನಿಮ್ಮ ಹೆಸರು ಎಲ್ಲಿ ತುಂಡಾಗುತ್ತದೆ ಎಂದು ಗೆರೆ ಎಳೆದು ನೋಡಿ. ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ನಮ್ಮವರು ಮುಂದೆ ಇಂಥ ಕರಾರು ಬರೆಯುವ ಕೆಲಸಕ್ಕೆ ಸೇರಿದಾಗ ಆ ಗೆರೆ ಅವರಿಗೆ ನೆನಪಿರಲಿ.